ಅಮ್ಮನನ್ನು ನಾನೇ ಕರೆದುಕೊಂಡು ಹೋಗುತ್ತಿದ್ದೇನೆ

ಅಣ್ಣಾ,

ನೀನು ಏಳುವಷ್ಟರಲ್ಲಿ ನಾನೂ ಅಮ್ಮನೂ ರೈಲಿನಲ್ಲಿರುತ್ತೇವೆ. ಫೋನ್ ಮಾಡಿ ಕೂಗಾಡಬೇಡ, ನಾನು ಎತ್ತುವುದಿಲ್ಲ.

ಅಮ್ಮನಿಗೆ ಸಂಗೀತ ಕೇಳಿಸಲು, ದಿನವೂ ಸಂಗೀತ ಕಚೇರಿ ನಡೆಯುವ ಆ ಹಳೇ ಪಟ್ಟಣಕ್ಕೆ ಹೋಗೋಣವೆಂದು ಮೂರು ಸಲ ದಿನ ಗೊತ್ತುಮಾಡಿದೆವು. ಮೂರು ಸಲವೂ ನೀನೇ ಮುಂದೂಡಿದೆ. ಮೊದಲು ಆಫೀಸು, ಆಮೇಲೆ ಸೆಖೆ. ನಿನ್ನೆ ನೋಡಿದರೆ, "ಫ್ರೆಂಡ್ಸೂ ಬರ್ತಾರಂತೆ, ಮುಂದಿನ ವರ್ಷ ಎಲ್ಲ ಸೇರಿ ಹೋಗೋಣ, ಅಲ್ಲಿ ತಿನ್ನೋಕೆ ಬೇಕಾದಷ್ಟಿದೆ" ಅಂದೆ.

ಕಿವಿ ಡಾಕ್ಟರು ಹೇಳಿದಾಗ ನೀನೂ ಪಕ್ಕದಲ್ಲೇ ಇದ್ದೆಯಲ್ಲ? ಅಮ್ಮನ ಬಲಗಿವಿ ಹೋಗಿಯಾಗಿದೆ, ಎಡಗಿವಿ ಈ ವರ್ಷ ದಾಟಿದರೆ ಹೆಚ್ಚು. ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳಿಗೆ ಹಾಡು ಕಲಿಸಿದವಳು ಮುಂದಿನ ವರ್ಷ ಅಲ್ಲಿ ಹೋಗಿ ಏನು ಮಾಡಬೇಕು? ನೀವು ತಿನ್ನುವುದನ್ನು ನೋಡುತ್ತಾ ಕೂರಬೇಕಾ?

ನೀರಿನ ಮೋಟಾರು ಹಾಕಿ ಮರೆತು ಮಲಗಬೇಡ. ಅಡುಗೆ ನೀನೇ ಮಾಡಿಕೋ, ಕೈಯೇನೂ ಸವೆಯುವುದಿಲ್ಲ.

ಈಗಷ್ಟೇ ಅಮ್ಮ ನಿನ್ನ ಕೋಣೆಯ ಬಾಗಿಲಲ್ಲಿ ನಿಂತು, "ಅವನಿಗೂ ಒಂದು ಟಿಕೆಟ್ ತಗೋಬಹುದಿತ್ತಲ್ವೇನೇ" ಅಂದಳು.

ತೆಗೆದಿದ್ದೇನೆ, ಮೇಜಿನ ಮೇಲಿದೆ. ಮಧ್ಯಾಹ್ನದ ರೈಲು. ಬರುವುದಾದರೆ ಒಬ್ಬನೇ ಬಾ.