ಹುಲಿಯೂರುದುರ್ಗದ ಒಳದಾರಿ

ಅಭಿರಾಮ,

ನೀನು ತೀರಿಕೊಂಡ ಮೇಲೆ ಮೊದಲ ಸಲ, ಇವತ್ತು ನಮ್ಮ ಬಸವನಗುಡಿ ಸೈಕಲ್ ಗುಂಪನ್ನ ಹುಲಿಯೂರುದುರ್ಗಕ್ಕೆ ಕರ್ಕೊಂಡು ಹೋಗಿದ್ದೆ, ನೀನು ಹುಡುಕಿದ ಒಳದಾರಿಯಲ್ಲೇ. ನಿನ್ನ ತಂಗಿ ಆರಾಧನಾನೂ ಬಂದಿದ್ಲು. ಒಂದು ಲಾರಿಯೂ ಎದುರಾಗ್ಲಿಲ್ಲ. ಗುಡ್ಡದ ಮೇಲೆ ಕೋಟೆಗೋಡೆ ಕಂಡಾಗ ಎಲ್ಲರೂ ಸೈಕಲ್ ನಿಲ್ಲಿಸಿ ಸುಮ್ಮನೆ ನೋಡ್ತಾ ನಿಂತ್ರು.

"ಗುರು, ಇಂಥ ದಾರಿ ಹೇಗೆ ಸಿಕ್ತು ನಿಂಗೆ?" ಅಂತ ಕುಶಾಲ್ ಕೇಳ್ದ.

"ಹೀಗೇ ಸುತ್ತಾಡ್ತಾ ಸಿಕ್ತು" ಅಂದ್ಬಿಟ್ಟೆ ಕಣೋ. ಎಲ್ಲರೂ ಬೆನ್ನು ತಟ್ಟಿದ್ರು. ಆಮೇಲೆ ನಿನ್ನ ಹೆಸರು ಹೇಳೋಕೆ ಬಾಯೇ ಬರ್ಲಿಲ್ಲ.

ವಾಪಸ್ ಬರುವಾಗ ಇಳಿಜಾರಲ್ಲಿ ಆರಾಧನಾ ನನ್ನ ಪಕ್ಕಕ್ಕೆ ಬಂದ್ಲು.

"ಅಣ್ಣ ಇದ್ದಾಗ್ಲೇ ಈ ದಾರಿ ತೋರಿಸ್ಬೇಕಿತ್ತು ನೀವು" ಅಂದ್ಲು. "ಎಷ್ಟು ಖುಷಿಪಡ್ತಿದ್ನೋ."

ನಾನು ಹೂಂ ಅಂದೆ.