ಕೇಳಿಸದವರನ್ನು ಹುಡುಕುವ ಕೆಲಸ

ಮೂರನೇ ಮಹಡಿಯ ಕೋಣೆ,
ಭಾನುವಾರ, ಜೂನ್ ೧೫

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಹೋದ ಸಲ ಸೊಂಟ ಹಿಡಿದುಕೊಂಡಿದೆ ಎಂದಿದ್ದೆ, ಈಗ ವಾಸಿಯಾಯಿತೇ? ತುಂಬಿದ ಬಕೆಟ್ಟನ್ನು ಒಬ್ಬಳೇ ಎತ್ತಬೇಡ, ಭಾವನವರನ್ನು ಕರೆ. ಅವರ ಮಂಡಿನೋವು ಎಂಥದ್ದು ಅಂತ ನನಗೂ ಗೊತ್ತು, ಬೆಳಿಗ್ಗೆ ಪೇಪರ್ ಬಂದ ಕೂಡಲೇ ಮಾಯವಾಗುತ್ತದೆ. ಅಮ್ಮನ ಕಣ್ಣಿಗೆ ಹನಿ ಹಾಕುವುದನ್ನು ನಿಲ್ಲಿಸಿಲ್ಲ ತಾನೇ? ನಾನು ಚೆನ್ನಾಗಿದ್ದೇನೆ ಎಂದು ಬರೆಯುವುದು ರೂಢಿ, ಬರೆದಿದ್ದೇನೆ ಅಂತ ತಿಳಿದುಕೋ. ಫೋನ್ ಇರುವಾಗ ಇವನಿಗೇನು ಕಾಗದದ ಹುಚ್ಚು ಅಂತ ನಗಬೇಡ. ನೀನು ‘ಹೇಳೋ’ ಅನ್ನುವಷ್ಟರಲ್ಲಿ ನಾನು ಅಲ್ಲಿ ಮಳೆ ಬಂತಾ ಅಂತ ಕೇಳಿ ಇಟ್ಟುಬಿಡುತ್ತೇನೆ. ಅದಕ್ಕೇ ಕಾಗದ.

ಕಿವಿ ಮೆಷಿನ್ ಅಂಗಡಿಗೆ ಈಗ ಯಾರೂ ತಾವಾಗಿ ಬರುವುದಿಲ್ಲ. ಕಿರಿದಾದ ಮೆಟ್ಟಿಲು ಹತ್ತಿ ಬಂದರೆ ಎರಡು ಕೋಣೆ. ಒಂದರಲ್ಲಿ ನಾನು, ಇನ್ನೊಂದು ಗೋಡೆಗೆಲ್ಲ ಸ್ಪಂಜು ಬಡಿದ ಪರೀಕ್ಷೆಯ ಕೋಣೆ. ಅದರೊಳಗೆ ಕಿವಿ ಪರೀಕ್ಷೆ ಮಾಡುವ ಮೇಡಂ ದಿನವಿಡೀ ಸ್ವೆಟರ್ ಹೆಣೆಯುತ್ತಾರೆ. ಎರಡು ತಿಂಗಳ ಹಿಂದೆ ಯಜಮಾನರು ನನ್ನನ್ನು ಕರೆದು, ಗಿರಾಕಿಗಳು ಈಗ ಬೀದಿಯಲ್ಲಿಲ್ಲ, ಎಲ್ಲರೂ ಮೊಬೈಲಿನೊಳಗಿದ್ದಾರೆ, ಅಲ್ಲೇ ಹುಡುಕಿ ಹಿಡಿದುಕೊಂಡು ಬಾ ಎಂದರು. ಯಾರು ಯಾವ ಕಷ್ಟ ಬರೆದುಕೊಂಡಿದ್ದಾರೆ ನೋಡುವುದು, ಅಂಗಡಿಯ ಹೆಸರಿನಿಂದ (ಆ ಹೆಸರು ನಿನಗೆ ಎಂದೂ ಹೇಳಿಲ್ಲ) ಅವರಿಗೆ ಸಂದೇಶ ಕಳಿಸುವುದು, ಇಷ್ಟೇ ಕೆಲಸ. ಜೂನ್ ಮುಗಿಯುವುದರೊಳಗೆ ಹತ್ತು ಜನ ಮೆಟ್ಟಿಲು ಹತ್ತದಿದ್ದರೆ ಅಂಗಡಿಗೆ ಬೀಗ ಎಂದೂ ಹೇಳಿದರು.

ಹುಡುಕುವುದು ಸುಲಭ ಅಂತ ನಾನೂ ಅಂದುಕೊಂಡಿದ್ದೆ. ಮೊದಲ ದಿನ ‘ಕಿವಿ’ ಅಂತ ಒತ್ತಿದೆ. ಓಲೆ, ಜುಮುಕಿಗಳ ರಾಶಿ ಬಿತ್ತು. ಅವನ್ನು ತೆಗೆದುಹಾಕಿದರೆ ಕಿವಿಮಾತು! ವಿದ್ಯಾರ್ಥಿಗಳಿಗೆ ಕಿವಿಮಾತು, ನವದಂಪತಿಗಳಿಗೆ ಕಿವಿಮಾತು. ಈ ಜನ ಇಷ್ಟೊಂದು ಬುದ್ಧಿ ಹೇಳುತ್ತಾರೆಂದು ನನಗೆ ಗೊತ್ತೇ ಇರಲಿಲ್ಲ. ‘ಕಿವುಡು’ ಎಂದರೆ ಬರೀ ಬೈಗುಳ, ಅಧಿಕಾರಿಗಳು ಕಿವುಡರು, ಆಡಳಿತ ಕಿವುಡು. ‘ಕೇಳಲ್ಲ’ ಎಂದು ಹಾಕಿದೆ ನೋಡು, ಊರಿನ ಹೆಂಡತಿಯರೆಲ್ಲ ಒಂದೇ ಸಲಕ್ಕೆ ಬಂದು ನಿಂತರು. ನನ್ನ ಗಂಡ ಮಾತು ಕೇಳಲ್ಲ, ನನ್ನ ಮಗ ಮಾತು ಕೇಳಲ್ಲ. ಅದಕ್ಕೆ ಮೆಷಿನ್ ಇನ್ನೂ ಬಂದಿಲ್ಲ ಎಂದು ಮೇಡಂ ಹೆಣಿಗೆ ಕೆಳಗಿಟ್ಟು ನಕ್ಕರು. ಆಮೇಲೆ ‘ಕೇಳಿಸಲ್ಲ’ಕ್ಕೆ ಬಂದೆ. ಅದರ ಜೊತೆ ಅಪ್ಪ, ಅಜ್ಜಿ, ಮಾವ ಎಂದು ಒಂದೊಂದೇ ಸೇರಿಸಿದೆ. ಅಂಗಡಿಗಳು ಹಾಕಿದ್ದನ್ನು ಕಿತ್ತೆ, ದೂರದ ಊರುಗಳನ್ನು ಕಿತ್ತೆ. ‘ಪಕ್ಕದ ಮನೆ ಟೀವಿ ಸದ್ದು’ ಎಂದು ಹುಡುಕಿದಾಗ ಮಾತ್ರ ಬುದ್ಧಿವಂತನಾದೆ ಅನ್ನಿಸಿತು, ಏಕೆಂದರೆ ಅಷ್ಟು ಜೋರಾಗಿ ಟೀವಿ ಹಾಕುವ ಮನೆಯಲ್ಲಿ ಕೇಳಿಸದವರು ಒಬ್ಬರಾದರೂ ಇರುತ್ತಾರೆ. ಹೀಗೆ ನಾನೂರು ಜನರಿಗೆ ಬರೆದೆ. ಹೆಚ್ಚಿನವರು ನೋಡಲೇ ಇಲ್ಲ. ಕೆಲವರು, ನಮ್ಮ ಮನೆ ವಿಷಯ ನಿಮಗೆ ಹೇಗೆ ಗೊತ್ತು ಎಂದು ರೇಗಿ ಬಾಗಿಲು ಹಾಕಿಕೊಂಡರು. ಅವರು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಬಂದವರು ಇಬ್ಬರು. ಅವರಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು, ಮಗಳು ಕೈಹಿಡಿದು ಮೆಟ್ಟಿಲು ಹತ್ತಿಸಿದಳು. ಮೂರು ದಿನ ಹಾಕಿಕೊಂಡು ನೋಡಿ ಎಂದು ಮೆಷಿನ್ ಕೊಟ್ಟು ಕಳಿಸಿದೆವು. ನಾಲ್ಕನೇ ದಿನ ಒಬ್ಬರೇ ಬಂದು, ಬಿಚ್ಚಿ ಮೇಜಿನ ಮೇಲಿಟ್ಟರು. “ಚೆನ್ನಾಗಿ ಕೇಳಿಸ್ತಪ್ಪ. ಮನೆಯಲ್ಲಿ ನನ್ನ ಬಗ್ಗೆ ಏನು ಮಾತಾಡ್ಕೋತಾರೆ ಅಂತ ಗೊತ್ತಾಯ್ತು, ಸಾಕು” ಎಂದರು. ನಾನು ಮೆಷಿನ್ ಒರೆಸಿ ಡಬ್ಬಿಗೆ ಹಾಕಿದೆ.

ಹಾಗೆ ಕೈಚೆಲ್ಲಿ ಕೂತಿದ್ದಾಗ ಒಂದು ಯೋಚನೆ ಬಂತು. ಮನೆಯಲ್ಲಿ ಬೇಸತ್ತವರು ‘ಕೇಳಿಸಲ್ಲ’ ಎಂದು ಬರೆಯುತ್ತಾರೆಯೇ? ನಮ್ಮ ಮನೆಯಲ್ಲಿ ಅಮ್ಮನಿಗೆ ನಾವು ಏನು ಅನ್ನುತ್ತಿದ್ದೆವು? ನೀನು ಸೌಟು ಹಿಡಿದುಕೊಂಡೇ ‘ಎಲ್ಲಾ ಎರಡೆರಡು ಸಲ ಹೇಳಬೇಕು’ ಅನ್ನುತ್ತಿದ್ದೆಯಲ್ಲ. ಅದನ್ನೇ ಒತ್ತಿದೆ. ಇಪ್ಪತ್ತಾರು ಜನ ಸಿಕ್ಕರು. ಅವರು ಹಾಕಿದ ವಿಡಿಯೋಗಳನ್ನು ನೋಡುತ್ತಾ ಕೂರುವಷ್ಟು ಪುರುಸೊತ್ತಿಲ್ಲ, ಮೇಲಿನ ಬರಹ ಓದಿ ಎಲ್ಲರಿಗೂ ಅದೇ ನಾಲ್ಕು ಸಾಲು ಕಳಿಸಿದೆ. ತಮ್ಮ ಮನೆಯ ಹಿರಿಯರ ತೊಂದರೆ ತಿಳಿಯಿತು, ಒಮ್ಮೆ ಪರೀಕ್ಷೆಗೆ ಕರೆತನ್ನಿ, ಇತ್ಯಾದಿ. ಮರುದಿನ ಒಬ್ಬರಿಂದ ಮಾತ್ರ ಉತ್ತರ ಬಂತು. ಸೇವಂತಿಗೆ ಹೂವಿನ ಚಿತ್ರ, ‘ನಗೆಮನೆ’ ಎಂದು ಹೆಸರು. “ಥ್ಯಾಂಕ್ಸ್ ಸರ್. ಮೆಷಿನ್ ಹಾಕಿ ನೋಡಿ ಆಗಿದೆ, ನನ್ನ ತಮ್ಮನೇ ತಂದಿದ್ದ. ಅಮ್ಮನಿಗೆ ಏನೂ ಕೇಳಿಸ್ಲಿಲ್ಲ. ಅವನಿಗೆ ಬೇಜಾರಾಗುತ್ತೆ ಅಂತ ಕೇಳಿಸ್ತು ಅಂದ್ಬಿಟ್ರು. ಅವನಿಗೆ ಇನ್ನೂ ಗೊತ್ತಿಲ್ಲ.”

ಆ ಸರ್ ನಾನೇ ಅಕ್ಕಾ.

ಆಮೇಲೆ ವಿಡಿಯೋ ತೆರೆದೆ. ನಮ್ಮ ಅಡುಗೆಮನೆ. ನೀನು “ಅಮ್ಮಾ, ಕಿಟಕಿ ಹಾಕ್ಲಾ?” ಅನ್ನುತ್ತೀಯ, ಅಮ್ಮ ತಿರುಗಿ “ಚಿಟಿಕೆ ಹಾಕು ಸಾಕು, ಜಾಸ್ತಿ ಉಪ್ಪು ಬೇಡ” ಅನ್ನುತ್ತಾಳೆ. ನಿನಗೆ ನಗು ತಡೆಯಲಾಗುವುದಿಲ್ಲ. ನೀನು ನಗುವುದನ್ನು ನೋಡಿ ಅಮ್ಮನೂ ನಗುತ್ತಾಳೆ, ಯಾಕೆಂದು ತಿಳಿಯದೆ. ಎಷ್ಟು ಸಣ್ಣಗಾಗಿದ್ದಾಳೆ. ಅದೊಂದನ್ನೇ ನೋಡಿ ಮೊಬೈಲ್ ಕೆಳಗಿಟ್ಟೆ. ನಿನ್ನ ಮೇಲೆ ಕೋಪವಿಲ್ಲ, ನಂಬು. ಬೆಳಗಿನಿಂದ ಸಂಜೆಯವರೆಗೆ ಆ ಮನೆಯಲ್ಲಿ ಅಮ್ಮನ ಜೊತೆ ಇರುವವಳು ನೀನು, ನಗುವುದಕ್ಕೆ ನನ್ನ ಅಪ್ಪಣೆ ಬೇಕಿಲ್ಲ.

ಎರಡು ವರ್ಷದ ಹಿಂದೆ ಈ ಕೆಲಸಕ್ಕೆ ಸೇರಿದ ಹೊಸದರಲ್ಲಿ ಆ ಮೆಷಿನ್ ತಂದು ಅಮ್ಮನ ಕಿವಿಗೆ ಸಿಕ್ಕಿಸಿದ್ದೆ. “ಕೇಳಿಸ್ತು ಕಣೋ, ಚೆನ್ನಾಗಿ ಕೇಳಿಸ್ತು” ಎಂದು ನನ್ನ ಕೆನ್ನೆ ಹಿಡಿದುಕೊಂಡಿದ್ದಳು. ಆ ಒಂದು ಮಾತಿನ ಮೇಲೆ ನಾನು ಇಷ್ಟು ದಿನ ವ್ಯಾಪಾರ ಮಾಡಿದೆ. ಅನುಮಾನಪಟ್ಟ ಗಿರಾಕಿಗೆಲ್ಲ, ನಮ್ಮಮ್ಮನೇ ಹಾಕಿಕೊಳ್ಳುತ್ತಾಳೆ ಅನ್ನುತ್ತಿದ್ದೆ. ಮೊನ್ನೆ ಇನ್ನೊಬ್ಬರು ಬಂದರಲ್ಲ, ಎರಡನೆಯವರು, ಅವರು ಇದರಿಂದ ನಿಜಕ್ಕೂ ಪ್ರಯೋಜನವಿದೆಯೇ ಎಂದು ಕೇಳಿದಾಗ ಅಮ್ಮನ ಮಾತೆತ್ತದೆ ಬೆಲೆಪಟ್ಟಿ ಮುಂದಿಟ್ಟೆ. ಅವರು ಅದನ್ನು ನನ್ನ ಕಡೆಗೇ ಸರಿಸಿ ಎದ್ದು ಹೋದರು. ಮೇಡಂ ಹೇಳುವ ಪ್ರಕಾರ ನರವೇ ಸೋತಿದ್ದರೆ ಮೆಷಿನ್ ಸದ್ದನ್ನು ಹೆಚ್ಚಿಸುತ್ತದೆ, ಮಾತನ್ನು ಬಿಡಿಸಿ ಕೊಡುವುದಿಲ್ಲ. ಇದಕ್ಕೆ ಮುಂದೆ ದಾರಿ ಇಲ್ಲವಂತೆ.

ಆದರೆ ನನ್ನನ್ನು ಕೊರೆಯುತ್ತಿರುವುದು ಬೇರೆ. ಪ್ರತಿ ಭಾನುವಾರ ನೀನು ಫೋನನ್ನು ಅಮ್ಮನ ಕಿವಿಗೆ ಹಿಡಿಯುತ್ತಿದ್ದೆ. ಅಮ್ಮಾ, ಈ ಸಲವೂ ರಜೆ ಇಲ್ಲ, ಬರಲಿಕ್ಕಾಗುವುದಿಲ್ಲ ಎಂದು ನಾನು ಹೇಳುತ್ತಿದ್ದೆ. ಅವಳು ‘ಹೂಂ, ಸರಿ ಕಣೋ, ಊಟ ಮಾಡು’ ಎನ್ನುತ್ತಿದ್ದಳು. ಒಪ್ಪಿಕೊಂಡಳು ಎಂದು ನಾನು ಹಗುರಾಗಿ ಫೋನ್ ಇಡುತ್ತಿದ್ದೆ. ಎರಡು ವರ್ಷ ನಾನು ಹೇಳಿದ ಒಂದು ಮಾತೂ ಅವಳಿಗೆ ಮುಟ್ಟಿಲ್ಲ. ಓದಲು ಬಾರದವಳಿಗೆ ಕಾಗದ ಬರೆದು ಪ್ರಯೋಜನವಿಲ್ಲ. ಎದುರಿಗೆ ಬಂದು ಕೈಸನ್ನೆ ಮಾಡಬೇಕು. ತಿಂಗಳು ಮುಗಿಯಲು ಇನ್ನು ಹದಿನೈದು ದಿನವಿದೆ, ಎಂಟು ಜನ ಬೇಕು, ಯಜಮಾನರು ರಜೆಯ ಮಾತೆತ್ತಲೂ ಬಿಡುವುದಿಲ್ಲ. ಬಿಟ್ಟರೂ ನಾನು ಬರುತ್ತಿದ್ದೆನೋ ಇಲ್ಲವೋ, ನಿಜ ಹೇಳುತ್ತೇನೆ, ಗೊತ್ತಿಲ್ಲ. ಕೇಳಿಸ್ತಿದೆ ಎಂದು ಅವಳು ಮತ್ತೆ ನನ್ನ ಕೆನ್ನೆ ಹಿಡಿದರೆ ನಾನು ಯಾವ ಮುಖ ಇಟ್ಟುಕೊಳ್ಳಲಿ?

ನಾಳೆಯಿಂದ ಹುಡುಕಲು ಹೊಸ ಪದವೊಂದೂ ಹೊಳೆಯುತ್ತಿಲ್ಲ. ಭಾವನವರಿಗೆ ನಮಸ್ಕಾರ ಹೇಳು. ಅಮ್ಮನ ಕೈಯನ್ನು ನನ್ನ ಪರವಾಗಿ ಒಂದು ಗಳಿಗೆ ಹಿಡಿದುಕೋ. ಸೊಂಟ ಜೋಪಾನ.

ನಿನ್ನ ತಮ್ಮ

ಲಕೋಟೆ ಅಂಟಿಸುವ ಮೊದಲು: ಒಂದೇ ವಿಡಿಯೋ ನೋಡಿದೆ ಎಂದು ಮೇಲೆ ಬರೆದದ್ದು ಸುಳ್ಳು. ಎಲ್ಲವನ್ನೂ ನೋಡಿದೆ. ಅತಿ ಹೆಚ್ಚು ಜನ ನಕ್ಕಿರುವುದರಲ್ಲಿ ನೀನು ಬಚ್ಚಲಿನ ಹತ್ತಿರ ನಿಂತು “ಅಮ್ಮಾ, ಮಗ್ಗೆಲ್ಲಿ?” ಎಂದು ಕೂಗುತ್ತೀಯ. ಅಮ್ಮ “ಮಗನಾ? ಬಂದ್ನಾ?” ಎಂದು ಎದ್ದು, ಎರಡೂ ಕೈಯಿಂದ ತಲೆಗೂದಲು ಸವರಿಕೊಂಡು, ಹೋಗಿ ಬೀದಿ ಬಾಗಿಲು ತೆಗೆಯುತ್ತಾಳೆ. ಜನ ಕೇಳಿದರೆಂದು ಅದನ್ನೇ ಇನ್ನೂ ಮೂರು ಸಲ ಮಾಡಿದ್ದೀಯ. ಮೂರು ಸಲವೂ ಅವಳು ಬಾಗಿಲು ತೆಗೆದಿದ್ದಾಳೆ. ವಿಡಿಯೋ ಅಳಿಸು ಎನ್ನುವ ಹಕ್ಕು ನನಗಿಲ್ಲ. ಇನ್ನು ಮೇಲೆ ಮಗ್ಗು ಅನ್ನಬೇಡ ಅಕ್ಕಾ, ಬೇರೆ ಏನಾದರೂ ಅನ್ನು.