ಕಿಟಕಿ ಸಾಲಿನ ಕೊನೆಯ ಲೋಟ

ಪಾಚಿ ಪಂಡಿತರಿಗೆ,

ನಿಮ್ಮ ಪತ್ರ ತಲುಪಿತು. ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತೇನೆ. ಒಂದೊಂದು ಕೆರೆಯಿಂದ ಪಾಚಿ ತಂದು ನೀವು ಕಿಟಕಿಯಲ್ಲಿಟ್ಟ ಬಾಟಲಿಗಳೆಲ್ಲ ಹಸಿರಾಗಿಯೇ ಇವೆ. ದಿನಾ ಬೆಳಿಗ್ಗೆ ಮೆಲ್ಲಗೆ ಅಲುಗಾಡಿಸಿ ಬೆಳಕಿನ ಕಡೆ ತಿರುಗಿಸುತ್ತೇನೆ. ಮುಚ್ಚಳ ಸಡಿಲವಾಗಿದೆ, ಯಾವುದಕ್ಕೂ ಉಸಿರು ಕಟ್ಟುವುದಿಲ್ಲ. ಕೂದಲಿನಂತೆ ಹರಡಿಕೊಂಡ ಪಾಚಿ, ಆ ನಿಮ್ಮ ‘ಬಂಗಾರಿ’, ಚೆನ್ನಾಗಿದ್ದಾಳೆ. ಮದುವೆಯಾದಂದಿನಿಂದ ನೀವು ನನ್ನನ್ನು ಕರೆದದ್ದು ‘ಇವಳೇ’ ಎಂದು ಮಾತ್ರ.

ನಿನ್ನೆ ಅವಳನ್ನು ಬೀರುವಿನ ಹಿಂದೆ ಕತ್ತಲಲ್ಲಿಟ್ಟೆ. ಅತ್ತೆ ನೋಡಿಬಿಟ್ಟರು.

“ಅಯ್ಯೋ, ಪಾಚಿ ಮೇಲೂ ಹೊಟ್ಟೆಕಿಚ್ಚೇನೇ ನಿಂಗೆ?”

“ಧೂಳು ಒರೆಸ್ತಿದ್ದೆ ಅತ್ತೆ” ಅಂದೆ.

ಸಂಜೆಯೊಳಗೆ ಮತ್ತೆ ಕಿಟಕಿಗೆ ತಂದಿಟ್ಟೆ. ಅವಳು ಸೊರಗಿದರೆ ನೀವು ಊಟ ಬಿಡುತ್ತೀರಿ.

ನೀವು ಹೊರಟ ದಿನ ಬಂದಿದ್ದ ನನ್ನ ಜ್ವರ ಇಳಿದಿದೆ. ನೀವು ಕೇಳಿರಲಿಲ್ಲ, ಹಾಳೆಯಲ್ಲಿ ಜಾಗ ಉಳಿದಿತ್ತೆಂದು ಬರೆದೆ.

ಇನ್ನೊಂದು ವಿಷಯ. ನಾನು ನೀರು ಕುಡಿಯುವ ಗಾಜಿನ ಲೋಟಕ್ಕೂ ಒಂದು ತೊಟ್ಟು ಕೆರೆನೀರು ಬಿಟ್ಟು, ಆ ಸಾಲಿನ ಕೊನೆಗೆ ಇಟ್ಟಿದ್ದೇನೆ. ಅಂಚಿನಲ್ಲಿ ಹಸಿರು ಮೂಡಿದೆ. ಮುಂದಿನ ಪತ್ರದಲ್ಲಿ ಅದು ಹೇಗಿದೆ ಅಂತಲೂ ಕೇಳಿ.

ಇಂತಿ,
ಇವಳೇ